ನಾಳೆ ಬೇಗ ಏಳುವವರಿಗೆ

ನಾಳೆ ಇಡೀ ದಿನ ಕಡಲಲ್ಲೇ. ಬಂದರು ಇಲ್ಲ, ಇಳಿಯುವ ಗಡಿಬಿಡಿಯೂ ಇಲ್ಲ. ಹೆಚ್ಚಿನವರು ತಡವಾಗಿ ಏಳುತ್ತಾರೆ. ಬೆಳಕು ಹರಿಯುವ ಮೊದಲೇ ಡೆಕ್ಕಿಗೆ ಬಂದರೆ ಹಡಗೆಲ್ಲ ನಮ್ಮದೇ ಅನ್ನಿಸುತ್ತದೆ.

ಮುಂಭಾಗಕ್ಕೆ ಹೋಗಬೇಡಿ. 20 ನಾಟ್ ವೇಗ ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್. ಗಾಳಿಯೇ ಇಲ್ಲದ ದಿನವೂ ಅಷ್ಟು ಗಾಳಿ ಮುಖಕ್ಕೆ ಹೊಡೆಯುತ್ತದೆ. ಕಾಫಿ ಲೋಟ ಹಿಡಿದವರಿಗೆ ಹಿಂಭಾಗವೇ ವಾಸಿ. ನಾವು ಪಶ್ಚಿಮಕ್ಕೆ ಹೊರಟಿರುವುದರಿಂದ ಸೂರ್ಯ ಹುಟ್ಟುವುದೂ ಆ ಕಡೆಯೇ!

ಇವತ್ತು ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಫೋನು ತಾನಾಗಿ ಬದಲಾಗದೇ ಇರಬಹುದು, ನೀವೇ ನೋಡಿಕೊಳ್ಳಿ.

ಬೆಳಗಿನ ಆ ಹೊತ್ತಿಗೆ ಸಿಬ್ಬಂದಿ ಡೆಕ್ ತೊಳೆಯುತ್ತಿರುತ್ತಾರೆ. ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿ. ಕುರ್ಚಿ ಎಳೆಯಬೇಡಿ. ಕೆಳಗೆ ಮಲಗಿರುವವರ ತಲೆ ಮೇಲೇ ಎಳೆದ ಹಾಗೆ ಅಲ್ವಾ? ಫೋನಿನಲ್ಲಿ ಹಾಡು ಹಾಕುವವರು ದಯವಿಟ್ಟು ಮಲಗಿಯೇ ಇರಿ.