ಬಿಳಿ ದಾರಿಗಳ ಸಿಯೆನಾ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಸೆಪ್ಟೆಂಬರ್ ಕೊನೆಗೆ ಸೈಕಲ್ ಸಮೇತ ಇಟಲಿಗೆ ಬರುತ್ತಿದ್ದೀಯೆಂದು ಓದಿ ಬಹಳ ಸಂತೋಷವಾಯಿತು. ಟಸ್ಕನಿಯ ಜಲ್ಲಿ ರಸ್ತೆಗಳಲ್ಲಿ ಯಾವ ಮಾರ್ಗ ಹಿಡಿಯಬೇಕೆಂದು ಕೇಳಿದ್ದೀಯೆ. ಡಾಂಬರು ಕಾಣದ ದಾರಿ ನಮ್ಮ ತಾಲ್ಲೂಕಿನಲ್ಲೇ ಬೇಕಾದಷ್ಟಿರುವಾಗ, ಇಷ್ಟು ದೂರ ಬಂದು ಪೆಡಲ್ ತುಳಿಯುವುದರಲ್ಲಿ ಏನು ವಿಶೇಷವೆಂದೂ ಕೇಳಿದ್ದೀಯೆ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮಾರ್ಗದ ಆಯ್ಕೆಯೂ ಅದರಲ್ಲೇ ಅಡಗಿದೆ.

ಟಸ್ಕನಿಯ ಸಿಯೆನಾ ನಗರದ ಸುತ್ತಲಿನ ಈ ಬಿಳಿ ಜಲ್ಲಿ ದಾರಿಗಳು ಹುಟ್ಟಿದ್ದು ಸೈಕಲ್ಲಿಗಾಗಿ ಅಲ್ಲ, ಬೇಸಾಯಕ್ಕಾಗಿ. ಇಲ್ಲಿ ಶತಮಾನಗಳ ಕಾಲ ನಡೆದದ್ದು ಬೆಳೆಯಲ್ಲಿ ಅರ್ಧ ಒಡೆಯನಿಗೆ, ಅರ್ಧ ಗೇಯುವವನಿಗೆ ಎಂಬ ಪಾಲಿನ ಸಾಗುವಳಿ. ಒಂದೊಂದು ಹಿಡುವಳಿಗೆ ಒಂದೊಂದು ಕಲ್ಲಿನ ಮನೆ, ಆ ಮನೆ ಹೆಚ್ಚಾಗಿ ದಿಣ್ಣೆಯ ನೆತ್ತಿಯ ಮೇಲೆ, ಮನೆಯಿಂದ ಮನೆಗೆ ಎತ್ತಿನ ಬಂಡಿ ಹೋಗುವಷ್ಟು ಅಗಲದ ದಾರಿ. ಎರಡನೆಯ ಮಹಾಯುದ್ಧದ ನಂತರ ಮಕ್ಕಳು ಕಾರ್ಖಾನೆಗಳತ್ತ ಹೊರಟರು. 1964ರ ಕಾನೂನು ಇಂಥ ಹೊಸ ಒಪ್ಪಂದಗಳನ್ನೇ ನಿಷೇಧಿಸಿತು. ಖಾಲಿಯಾದ ಅನೇಕ ಮನೆಗಳಿಗೆ ಸಾರ್ಡಿನಿಯಾ ದ್ವೀಪದ ಕುರಿಗಾರರು ಮಂದೆಯೊಡನೆ ಬಂದು ನೆಲೆಸಿದರು. ಮುಂದೆ ಹಣ ಬಂತು, ಪ್ರವಾಸಿಗರು ಬಂದರು, ಅವರ ಹಿಂದೆಯೇ ಡಾಂಬರೂ ಬರತೊಡಗಿತು.

ಆಗ ಅದನ್ನು ತಡೆಯಬೇಕೆಂದು ನಿಂತವರು ಗಯೋಲೆ ಎಂಬ ಊರಿನ ಜಾನ್‌ಕಾರ್ಲೊ ಬ್ರೋಚ್ಚಿ. 1997ರಲ್ಲಿ ಅವರು 'ಎರೋಯಿಕಾ' ಎಂಬ ಸವಾರಿಯನ್ನು ಆರಂಭಿಸಿದಾಗ ಬಂದವರು 92 ಮಂದಿ. 1987ಕ್ಕೆ ಹಿಂದಿನ ಸೈಕಲ್ಲುಗಳಿಗಷ್ಟೇ ಅಲ್ಲಿ ಪ್ರವೇಶ. ಈಗ ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು ಜನ ಹಳೆಯ ಉಕ್ಕಿನ ಸೈಕಲ್ಲು, ಉಣ್ಣೆಯ ಅಂಗಿಗಳೊಡನೆ ಅಲ್ಲಿ ಸೇರುತ್ತಾರೆ. 2007ರಿಂದ ಇದೇ ದಾರಿಗಳಲ್ಲಿ ವೃತ್ತಿಪರರ 'ಸ್ತ್ರಾದೆ ಬ್ಯಾಂಕೆ' ಪಂದ್ಯವೂ ನಡೆಯುತ್ತಿದೆ. ನಮ್ಮ ಕಡೆಯ ಮಣ್ಣುದಾರಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಡಾಂಬರು ಹಾಕುವ ಶಕ್ತಿಯಿದ್ದೂ ಇಲ್ಲಿಯವರು ಎಷ್ಟೋ ದಾರಿಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ, ಕೊಚ್ಚಿಹೋದ ಜಲ್ಲಿಯನ್ನು ಮತ್ತೆ ಹರಡುತ್ತಾರೆ, ಬದಿಯ ಚರಂಡಿಯ ಹೂಳೆತ್ತುತ್ತಾರೆ. ಮಳೆಗಾಲದಲ್ಲಿ ಗರ್ಭಿಣಿಯನ್ನು ಆಸ್ಪತ್ರೆಗೆ ಸೇರಿಸಬೇಕಾದ ನಮ್ಮ ಹಳ್ಳಿಗಳಿಗೆ ಡಾಂಬರೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದು ದಾರಿಯನ್ನು ಅದರ ಹಳೆಯ ರೂಪದಲ್ಲೇ ಉಳಿಸಿಕೊಳ್ಳಲು ಊರಿನ ಜನ ಎಷ್ಟು ಪ್ರೀತಿಯಿಂದ ದುಡಿಯಬಲ್ಲರು ಎಂಬುದನ್ನು ನೀನು ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ.

ಆದ್ದರಿಂದಲೇ 209 ಕಿ.ಮೀ. ಉದ್ದದ ಎರೋಯಿಕಾ ಸುತ್ತನ್ನು ಒಂದೇ ದಿನದಲ್ಲಿ ಮುಗಿಸುವ ಯೋಚನೆಯನ್ನು ಬಿಡು. ವರ್ಷವಿಡೀ ತೆರೆದಿರುವ ಆ ಮಾರ್ಗದುದ್ದಕ್ಕೂ ಸೂಚನಾ ಫಲಕಗಳಿವೆ, ಅದರಲ್ಲಿ ಸರಿಸುಮಾರು ಅರ್ಧ ಮಣ್ಣುದಾರಿ. ಒಂದೇ ದಿನದಲ್ಲಿ ಮುಗಿಸಹೊರಟವನು ನೋಡುವುದು ಮುಂದಿನ ಚಕ್ರವನ್ನು ಮಾತ್ರ. ಅದರಿಂದ ಒಂದೆರಡು ತುಂಡುಗಳನ್ನು ಆರಿಸಿಕೊಂಡು ಮೂರು ದಿನಕ್ಕೆ ಹಂಚಿಕೊ.

ಮೊದಲ ದಿನ ಸಿಯೆನಾದಿಂದ ಕ್ಯೂಸಿ ಕಡೆಗೆ ಹೋಗುವ ಪ್ರಾದೇಶಿಕ ರೈಲಿನಲ್ಲಿ ಅಶಾನೊಗೆ ಬಾ. ಸೈಕಲ್ಲಿನ ಚಿತ್ರವಿರುವ ಬೋಗಿಯನ್ನೇ ಹತ್ತು, ಅದಕ್ಕೆ ಬೇರೆ ಟಿಕೆಟ್ ತೆಗೆದುಕೊ. ಅಶಾನೊ ದಾಟಿ ಸ್ವಲ್ಪ ದೂರದಲ್ಲೇ 11.5 ಕಿ.ಮೀ.ಗಳ ಮೊಂತೆ ಸಾಂತೆ ಮರಿಯೆ ದಾರಿ ಆರಂಭವಾಗುತ್ತದೆ. ಸ್ತ್ರಾದೆ ಬ್ಯಾಂಕೆ ಪಂದ್ಯವನ್ನು ಮೂರು ಸಲ ಗೆದ್ದ ಸ್ವಿಟ್ಜರ್ಲೆಂಡಿನ ಫಾಬಿಯನ್ ಕಾನ್ಸೆಲ್ಲಾರಾ ಅವರ ಹೆಸರನ್ನು ಈಗ ಈ ತುಂಡಿಗೆ ಇಟ್ಟಿದ್ದಾರೆ. ಒಂದೇ ದಾರಿಯಲ್ಲಿ ಹೋಗಲು ನಿನಗೆ ಸಮಯವಿದ್ದರೆ, ಇದನ್ನೇ ಆರಿಸಿಕೊ ಎನ್ನುತ್ತೇನೆ.

ಇದು ಕ್ರೇತೆ ಸೆನೇಸಿ, ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದ ಜೇಡಿಮಣ್ಣಿನ ನಾಡು. ದಾರಿ ದಿಣ್ಣೆಗಳ ನೆತ್ತಿಯ ಮೇಲೆಯೇ ಸಾಗುವುದರಿಂದ ಎರಡೂ ಬದಿಗೆ ನೋಟ ತೆರೆದಿರುತ್ತದೆ. ಗೋಧಿ ಕೊಯ್ದು ಉತ್ತ ಹೊಲಗಳು ಸೆಪ್ಟೆಂಬರಿನಲ್ಲಿ ಬೂದು ಬಣ್ಣದ ಹೆಂಟೆಗಳಿಂದ ತುಂಬಿರುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಬೋಳಾದ ಬಿಳಿ ಗುಡ್ಡೆಗಳು ಕಾಣುತ್ತವೆ, ಅವಕ್ಕೆ ಇಲ್ಲಿ ಬ್ಯಾಂಕಾನೆ ಎನ್ನುತ್ತಾರೆ. ಅಲ್ಲಿ ಇಳಿದು ಹತ್ತಿರದಿಂದ ನೋಡು: ಬಿಸಿಲಿಗೆ ಮಣ್ಣಿನೊಳಗಿನ ಸೋಡಿಯಂ ಲವಣ ಮೇಲಕ್ಕೆ ಬಂದು ಬೆಳ್ಳಗೆ ಒಸರಿರುತ್ತದೆ, ಆ ಉಪ್ಪಿನಿಂದಾಗಿ ಅಲ್ಲಿ ಹುಲ್ಲು ಕೂಡ ಸರಿಯಾಗಿ ಏಳುವುದಿಲ್ಲ. ಹಿಂದೆ ಇಂಥವು ಬಹಳ ಇದ್ದವು. ಟ್ರ್ಯಾಕ್ಟರುಗಳು ಬಂದ ಮೇಲೆ ಹೆಚ್ಚಿನವನ್ನು ಸಮತಟ್ಟು ಮಾಡಿ ಗೋಧಿ ಬಿತ್ತಿದರು. ಉಳಿದವನ್ನು ನೋಡುವಾಗಲೆಲ್ಲ ನನಗೆ ಹೋದವುಗಳ ಬಗ್ಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇಲ್ಲಿ ಘಾಟಿಯಂತೆ ಉದ್ದನೆಯ ಏರು ಇರುವುದಿಲ್ಲ. ದಾರಿ ಥಟ್ಟನೆ ಕೆಳಗಿಳಿದು, ತಿರುವು ಮುಗಿಯುತ್ತಿದ್ದಂತೆಯೇ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ, ಅದೂ ಸಡಿಲ ಜಲ್ಲಿಯ ಮೇಲೆ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಸುಮ್ಮನೆ ಜಾರುತ್ತದೆ. ಸೀಟಿನಲ್ಲೇ ಕುಳಿತು, ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಏರು ಆರಂಭವಾಗುವ ಮೊದಲೇ ಹಗುರವಾದ ಗೇರಿಗೆ ಬಂದಿರಬೇಕು. ಇಳಿಯುವಾಗ ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು, ತಿರುವಿನೊಳಗೆ ಬಿಟ್ಟುಬಿಡು. ಪಂದ್ಯದವರು ಇದಕ್ಕಿಂತ ಸಣ್ಣ ಟೈರಿನಲ್ಲಿ ಹೋಗುತ್ತಾರಾದರೂ ನಿನಗೆ 40 ಮಿ.ಮೀ. ಅಗಲದ ಟೈರು ಬೇಕು. ಗಾಳಿ ಬಿಗಿಯಾಗಿ ತುಂಬಬೇಡ, ಏಕೆಂದರೆ ವಾಹನಗಳು ಓಡಾಡಿ ಅಲೆಅಲೆಯಾದ ಕಡೆ ಬಿಗಿ ಟೈರು ಕೈಯನ್ನೂ ಬೆನ್ನನ್ನೂ ನೋಯಿಸಿಬಿಡುತ್ತದೆ.

ಮಳೆ ಬಂದರೆ ಮಾತ್ರ ಲೆಕ್ಕವೇ ಬೇರೆ. ಒಣಗಿದಾಗ ಕಾಂಕ್ರೀಟಿಗೆ ಸಮನಾದ ಈ ಮಣ್ಣು, ನೆನೆದಾಗ ಕುಂಬಾರನ ಮಣ್ಣಿನಂತೆ ಟೈರಿಗೆ ಮೆತ್ತಿಕೊಂಡು ಚಕ್ರವನ್ನೇ ತಿರುಗದಂತೆ ಮಾಡುತ್ತದೆ. ಇಟಲಿಯನ್ನು ಸುತ್ತುವ ಜಿರೊ ಸೈಕಲ್ ಪಂದ್ಯದಲ್ಲಿ, 2010ರಲ್ಲಿ, ಮೊಂತಾಲ್ಚಿನೊ ಊರಿಗೆ ಮಳೆಯಲ್ಲಿ ಬಂದ ಸವಾರರ ಮುಖ ಗುರುತು ಸಿಗದಷ್ಟು ಕೆಸರಾಗಿದ್ದವು. ಆ ದಿನ ಗೆದ್ದವರು ಆಸ್ಟ್ರೇಲಿಯಾದ ಕ್ಯಾಡೆಲ್ ಇವಾನ್ಸ್. ಅಂಥ ದಿನ ನೀನು ಸವಾರಿ ಬಿಟ್ಟು ಸಿಯೆನಾದಲ್ಲೇ ಉಳಿ.

ಮೊಂತೆ ಸಾಂತೆ ಮರಿಯೆ ದಾರಿಯ ನಡುವೆ ಅಂಗಡಿ ಸಿಗುವುದೆಂದು ನಂಬಿಕೊಳ್ಳಬೇಡ. ಅಶಾನೊದಲ್ಲೇ ನೀರು ತುಂಬಿಸಿಕೊಂಡು, ಕುರಿಹಾಲಿನ ಪೆಕೊರಿನೊ ಗಿಣ್ಣು ಇಟ್ಟ ಬ್ರೆಡ್ ಕಟ್ಟಿಸಿಕೊ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಬೆವರಿದ ಮೈಗೆ ಉಪ್ಪು ಬೇಕಾದ್ದರಿಂದ ಗಿಣ್ಣನ್ನು ಬಿಡಬೇಡ. ರಾತ್ರಿಯ ಊಟಕ್ಕೆ, ಸಸ್ಯಾಹಾರಿಯಾದ ನಿನಗೆ, ಕೈಯಿಂದ ಹೊಸೆದ ದಪ್ಪ ಶಾವಿಗೆಯಂಥ ಪೀಚಿ ಇದೆ. ಬೆಳ್ಳುಳ್ಳಿ, ಟೊಮೆಟೊ ಸಾರಿನ 'ಆಲ್ಯೋನೆ' ಬೇಕೆಂದು ಕೇಳು.

ಕಾಸ್ಟೆಲ್‌ನುವೋವೊ ಬೆರಾರ್ದೆಂಗಾದಲ್ಲಿ ತಂಗಿ, ಮರುದಿನ ಉತ್ತರಕ್ಕೆ ಹೊರಟರೆ ನಾಡು ಬದಲಾಗುತ್ತದೆ. ಜೇಡಿ ಮುಗಿದು ಕಲ್ಲುನೆಲ, ಓಕ್ ಕಾಡು, ದ್ರಾಕ್ಷಿ ತೋಟಗಳ ಕ್ಯಾಂಟಿ ಬರುತ್ತದೆ, ನೆರಳೂ ಸಿಗುತ್ತದೆ. ಬ್ರೋಲ್ಯೊ ಕೋಟೆಯ ಬಳಿ ಸೈಪ್ರಸ್ ಸಾಲುಮರಗಳ ಜಲ್ಲಿ ಏರು ಇದೆ. ಎರೋಯಿಕಾ ದಿನ ಬೆಳಕು ಹರಿಯುವ ಮೊದಲೇ ಅಲ್ಲಿ ದೀಪಗಳನ್ನು ಹಚ್ಚಿಡುತ್ತಾರೆ. ಅಲ್ಲಿಂದ ಗಯೋಲೆ ದೂರವಿಲ್ಲ.

ಮೂರನೆಯ ದಿನ ರಾದ್ದಾ, ವಾಲ್ಯಾಲಿಗಳ ಮೇಲಿಂದ ಸಿಯೆನಾಗೆ ಮರಳು. ಕಾಲಿನಲ್ಲಿ ಕಸುವಿದ್ದರೆ ಲೆ ತೋಲ್ಫೆ ಏರನ್ನು ಹತ್ತು. ಅದು ಸುಮಾರು ಒಂದು ಕಿ.ಮೀ. ಮಾತ್ರ, ಆದರೆ ಗರಿಷ್ಠ ಇಳಿಜಾರು ಶೇ. 18, ಇಳಿದು ತಳ್ಳಿದರೂ ಅದರಲ್ಲಿ ಅವಮಾನವಿಲ್ಲ. ಸಿಯೆನಾದೊಳಗೆ ಕಲ್ಲುಹಾಸಿನ ಸಾಂತಾ ಕಾತೆರೀನಾ ಬೀದಿಯ ಶೇ. 16ರ ಏರನ್ನು ಹತ್ತಿದರೆ, ಪಂದ್ಯ ಮುಗಿಯುವ ಕಾಂಪೊ ಚೌಕ ಸ್ವಲ್ಪವೇ ದೂರ.

ಚೌಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೊರಟುಬಿಡಬೇಡ. ಎದುರಿನ ಪಲಾತ್ಸೊ ಪುಬ್ಲಿಕೊ ಎಂಬ ನಗರಾಡಳಿತ ಭವನದೊಳಗೆ ಅಂಬ್ರೋಜೊ ಲೊರೆಂಜೆಟ್ಟಿ ಎಂಬ ಚಿತ್ರಕಾರ 1338-39ರಲ್ಲಿ ಬರೆದ ಒಳ್ಳೆಯ ಆಡಳಿತದ ಭಿತ್ತಿಚಿತ್ರವಿದೆ. ಚಿತ್ರದಲ್ಲಿ ನಗರದ ಬಾಗಿಲಿನಿಂದ ಹೊರಟ ದಾರಿಯೊಂದು ದಿಣ್ಣೆಗಳ ನಡುವೆ ಇಳಿಯುತ್ತದೆ. ಹೇರು ಹೊತ್ತ ಪ್ರಾಣಿಗಳು, ಸವಾರರು, ಹೊಲದಲ್ಲಿ ದುಡಿಯುವವರು ಎಲ್ಲರೂ ಅಲ್ಲಿದ್ದಾರೆ. ಮೇಲೆ ತೇಲುವ ಭದ್ರತೆಯ ದೇವತೆ, ಎಲ್ಲರೂ ಭಯವಿಲ್ಲದೆ ದಾರಿ ನಡೆಯಲಿ ಎಂಬರ್ಥದ ಬರಹವನ್ನು ಹಿಡಿದಿದ್ದಾಳೆ. ಮೂರು ದಿನ ಆ ದಿಣ್ಣೆಗಳನ್ನು ತುಳಿದು ಬಂದವನಿಗೆ ಈ ಚಿತ್ರ ಬೇರೆಯೇ ರೀತಿ ಕಾಣುತ್ತದೆ, ಆದ್ದರಿಂದ ಅದನ್ನು ಕೊನೆಯ ದಿನಕ್ಕೇ ಇಟ್ಟುಕೊ.

ನಿನ್ನ ಸೈಕಲ್ಲಿನ ಹಿಂದಿನ ಗೇರಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲುಗಳಿವೆಯೆಂದು ಎಣಿಸಿ ಬರೆ. 40ಕ್ಕಿಂತ ಕಡಿಮೆಯಿದ್ದರೆ ಹೊರಡುವ ಮೊದಲೇ ಬದಲಾಯಿಸಿಕೊಳ್ಳುವುದು ಒಳ್ಳೆಯದು. ವಿಮಾನದ ದಿನಾಂಕ ಗೊತ್ತಾದ ಕೂಡಲೇ ತಿಳಿಸು, ಕಾಸ್ಟೆಲ್‌ನುವೋವೊದ ಹತ್ತಿರದ ಹೊಲಮನೆಯೊಂದರಲ್ಲಿ ನಮ್ಮಿಬ್ಬರಿಗೂ ಕೋಣೆ ಕಾದಿರಿಸುತ್ತೇನೆ. ಅಮ್ಮನವರಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ
ಗೆಳೆಯ