ರಾತ್ರಿ ಚೇಳು ಹುಡುಕಿಕೊಟ್ಟವರಿಗೆ ಥ್ಯಾಂಕ್ಸ್

ಹೆಸರು ಕೇಳುವ ಮೊದಲೇ ಹೊರಟುಬಿಟ್ಟಿರಿ. ಹಾಗಾಗಿ ಎಲ್ಲರ ಮುಂದೆಯೇ ಹೇಳುತ್ತೇನೆ, ತುಂಬಾ ಥ್ಯಾಂಕ್ಸ್.

ಮರುಭೂಮಿಯ ಮನೆ ಅಂದ ಮೇಲೆ ಚೇಳು ಇದ್ದೇ ಇರುತ್ತವೆ. ಎಲ್ಲಿವೆ ಅಂತ ಗೊತ್ತಾಗದೇ ಇರುವುದೇ ಜಾಸ್ತಿ ಭಯ. ಕತ್ತಲಾದ ಮೇಲೆ ನೀವು ಅಲ್ಟ್ರಾವೈಲೆಟ್ ಟಾರ್ಚ್ ಹಿಡಿದು ಮನೆ ಸುತ್ತ ನಡೆದಿರಿ. ಗೋಡೆ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ಹಸಿರು ಹಸಿರಾಗಿ ಹೊಳೆಯುತ್ತಾ ಕೂತಿದ್ದವು! ಆ ಹೊಳಪು ಅವುಗಳ ಮೈಮೇಲಿನ ಗಟ್ಟಿ ಹೊದಿಕೆಯದ್ದು, ಆಗತಾನೇ ಪೊರೆ ಬಿಟ್ಟ ಚೇಳು ಅಷ್ಟಾಗಿ ಹೊಳೆಯುವುದಿಲ್ಲ ಅಂತಲೂ ಹೇಳಿದಿರಿ. ನಿಜ ಹೇಳಬೇಕೆಂದರೆ, ನೋಡಲು ಚೆನ್ನಾಗಿಯೇ ಇತ್ತು.

ಸುಮ್ನೆ ಔಷಧಿ ಹೊಡೆದರೆ ಸಾಲದು ಅಂದಿರಿ. ಚೇಳು ಬರುವುದು ಜಿರಳೆ, ಜೀರುಂಡೆ ತಿನ್ನಲು. ಬಾಗಿಲ ಮೇಲಿನ ಬಿಳಿ ದೀಪಕ್ಕೆ ಹುಳು ಬರುತ್ತವೆ, ಹುಳುವಿನ ಹಿಂದೆ ಚೇಳು. ಅದಕ್ಕೇ ಹಳದಿ ಬಲ್ಬ್ ಹಾಕಿಸಿದಿರಿ. ಗೋಡೆಗೆ ಒರಗಿಸಿದ್ದ ಸೌದೆಯನ್ನು ದೂರ ಸಾಗಿಸಿದಿರಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿಯನ್ನೂ ನೀವೇ ಬಡಿದಿರಿ. ಅಷ್ಟು ಚಪ್ಪಟೆ ಮೈ ಇರುವುದರಿಂದ ಸಣ್ಣ ಸಂದಿಯಲ್ಲೂ ನುಸುಳುತ್ತವೆ, ನಂಬುವುದೇ ಕಷ್ಟ ಅಲ್ವಾ?

ನಿಮ್ಮ ಇನ್ನೊಂದು ಮಾತನ್ನು ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇವೆ: "ಮಗುವಿಗೆ ಕುಟುಕಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ."

ಈಗಲೂ ಅಂಗಳದಲ್ಲಿ ಆಗೊಂದು ಈಗೊಂದು ಕಾಣುತ್ತವೆ. ಮನೆಯೊಳಗೆ ಇಲ್ಲ. ಆದರೂ ಮಕ್ಕಳು ಬೂಟು ಕೊಡವಿಯೇ ಹಾಕಿಕೊಳ್ಳುತ್ತಾರೆ, ಅದೂ ನೀವು ಕಲಿಸಿದ್ದೇ.