ಬೋರ್ಡು ಓದಿಸಿದರೆ ಕಣ್ಣು ತಪಾಸಣೆ ಆಯಿತೇ?

ಮಾನ್ಯರೇ,

ಸಮುದಾಯ ಭವನದ ಉಚಿತ ನೇತ್ರ ಶಿಬಿರ ‘ಯಶಸ್ವಿ’ ಎಂಬ ಸೋಮವಾರದ ವರದಿ ಓದಿ ಮೈ ಉರಿಯಿತು. ಅದೇ ಶಿಬಿರದಲ್ಲಿ ನನ್ನ ತಂದೆಗೆ ಗೋಡೆಯ ಬೋರ್ಡು ಓದಿಸಿ, ಟಾರ್ಚು ಬಿಟ್ಟು, ‘ಪೊರೆ ಇಲ್ಲ, ಕಣ್ಣು ಚೆನ್ನಾಗಿದೆ’ ಎಂದು ಕಳಿಸಿದರು. ನಿನ್ನೆ ಜಿಲ್ಲಾ ಕೇಂದ್ರದ ಖಾಸಗಿ ವೈದ್ಯರು ಕಣ್ಣಿನ ಒತ್ತಡ ಅಳೆದರೆ ಬಲಗಣ್ಣಿನಲ್ಲಿ 34! ಸಾಮಾನ್ಯವಾಗಿ 10ರಿಂದ 21ರೊಳಗೆ ಇರುವಂಥದ್ದು. ಗ್ಲಾಕೋಮಾ, ಅಂದರೆ ಕಣ್ಣಿನ ನರವನ್ನು ಹಾಳುಮಾಡುವ ಕಾಯಿಲೆ. ದೃಷ್ಟಿ ನರ ಆಗಲೇ ಸಾಕಷ್ಟು ಹಾಳಾಗಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದರು.

ಅಪ್ಪ ಈಗಲೂ ಬೋರ್ಡಿನ ಕೊನೆಯ ಸಾಲು ಓದುತ್ತಾರೆ. ಆದರೆ ಪಕ್ಕದಿಂದ ಬರುವ ಬೈಕು ಕಾಣಿಸುವುದಿಲ್ಲ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಈ ಕಾಯಿಲೆ ನೋವಿಲ್ಲದೆ ಅಂಚಿನ ನೋಟವನ್ನು ಮೊದಲು ತಿನ್ನುತ್ತದೆ, ನಡುವಿನದು ಕೊನೆಗೆ ಹೋಗುತ್ತದೆ. ಕಣ್ಣಿನ ಸಿಬ್ಬಂದಿಗೇ ಇದು ಗೊತ್ತಿಲ್ಲವೇ? ಒತ್ತಡ ಅಳೆಯಲು ಎಷ್ಟು ಹೊತ್ತು ಬೇಕು? ಒತ್ತಡ ಸರಿಯಿದ್ದೂ ನರ ಹಾಳಾಗುವವರಿದ್ದಾರೆ, ಹಾಗಾಗಿ ನರವನ್ನೂ ನೋಡಲೇಬೇಕು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂಬ ಒಂದು ಮಾತನ್ನೂ ಕೇಳಲಿಲ್ಲ. ಶಾಲು, ಹಾರ, ಭಾಷಣಕ್ಕೆ ಮಾತ್ರ ಬೇಕಾದಷ್ಟು ಸಮಯವಿತ್ತು.

ಇದು ವಂಶದಲ್ಲಿ ಬರಬಹುದಾದ್ದರಿಂದ ಈಗ ನನಗೂ ತಮ್ಮನಿಗೂ ಪರೀಕ್ಷೆ ಮಾಡಿಸಿ ಎಂದಿದ್ದಾರೆ. ಎಲ್ಲಿ ಮಾಡಿಸುವುದು? ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಅಂಚಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಯಂತ್ರ ಕೆಟ್ಟು ಮೂಲೆ ಸೇರಿದೆ. ಒತ್ತಡ ಇಳಿಸುವ ಡ್ರಾಪ್ಸ್ ಕೇಳಿದರೆ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’. ಅಪ್ಪನಿಗೆ ಉಬ್ಬಸ ಇರುವುದರಿಂದ ಅಗ್ಗದ ಟಿಮೊಲಾಲ್ ಹನಿ ಹಾಕುವಂತಿಲ್ಲ. ಬೇರೆ ಹನಿಯನ್ನು ಜೀವನಪೂರ್ತಿ, ಒಂದು ರಾತ್ರಿಯೂ ತಪ್ಪಿಸದೆ ಹಾಕಬೇಕು. ಕೂಲಿ ಮಾಡುವವರ ಗತಿಯೇನು?

ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ಇಂದಿಗೂ ನಮ್ಮ ಅಧಿಕಾರಿಗಳಿಗೆ ಪೊರೆ ಆಪರೇಷನ್ನಿನ ಲೆಕ್ಕ ಬಿಟ್ಟರೆ ಬೇರೆ ಕಣ್ಣಿನ ಕಾಯಿಲೆಯೇ ಗೊತ್ತಿಲ್ಲ. ಕಣ್ಣು ಕೆಂಪಾಯಿತು ಎಂದರೆ ಮೆಡಿಕಲ್ ಶಾಪಿನವರು ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ಕೊಡುತ್ತಾರೆ. ಅದನ್ನು ಬಹಳ ದಿನ ಹಾಕಿದರೂ ಒತ್ತಡ ಏರಬಹುದು. ತಡೆಯಬೇಕಾದವರು ಈ ಕಡೆ ತಲೆ ಹಾಕಿಲ್ಲ. ಆಸ್ಪತ್ರೆ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸಿ ಎಂದು ಕಳೆದ ಮಳೆಗಾಲದಲ್ಲೇ ಪುರಸಭೆಗೆ ಬರೆದಿದ್ದೆ, ಇನ್ನೂ ಬಾಯಿ ತೆರೆದುಕೊಂಡಿದೆ. ಪಕ್ಕದ ನೋಟವಿಲ್ಲದವರು ಅಲ್ಲಿ ಓಡಾಡುವುದು ಹೇಗೆ? ಬೀದಿ ದೀಪವೂ ಇಲ್ಲ.

ಯಂತ್ರ ಸರಿ ಮಾಡಿಸಲಿ, ಹನಿ ತರಿಸಲಿ, ಚರಂಡಿ ಮುಚ್ಚಲಿ. ಇಷ್ಟೂ ಆಗದಿದ್ದರೆ ಶಿಬಿರದ ಹೆಸರಿನಲ್ಲಿ ಜನರಿಗೆ ಸುಳ್ಳು ಧೈರ್ಯ ಹೇಳುವುದನ್ನಾದರೂ ನಿಲ್ಲಿಸಲಿ.

– ನೊಂದ ಓದುಗ, ಹಳೇಪೇಟೆ